‘ಅವರು’ ಮತ್ತು ‘ಅವು’: ಕಾನ್ರಾಡ್ ಅನುವಾದದಲ್ಲಿ ನನ್ನ ಅನುಭವ

ಜೋಸೆಫ್ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಎಂಬ ಇಂಗ್ಲಿಷ್ ಕಿರುಕಾದಂಬರಿಯನ್ನು ಅನುವಾದಿಸುವಾಗ ನನ್ನನ್ನು ಕಾಡಿದ್ದು ಅದರ ಉದ್ದುದ್ದ ವಾಕ್ಯಗಳಲ್ಲ, ‘ದೇ’ (they) ಎಂಬ ಒಂದೇ ಸರ್ವನಾಮ. ಕಾಂಗೋದಲ್ಲಿ ಮರಗಳ ನೆರಳಿಗೆ ಬಂದ ಕಥೆಯ ನಿರೂಪಕ ಮಾರ್ಲೋಗೆ, ದುಡಿಸಿ ಬಿಸಾಡಿದ ಕೂಲಿಗಳು ಮೊದಲು ಕಾಣುವುದು ಕರಿಯ ಆಕೃತಿಗಳಾಗಿ. ‘ದೇ’ ಮನುಷ್ಯರಿಗೂ ಆಕೃತಿಗಳಿಗೂ ಸಲ್ಲುತ್ತದೆ. ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟರೂ ಕ್ರಿಯಾಪದ ನಮ್ಮನ್ನು ಬಿಡುವುದಿಲ್ಲ. ‘ಸಾಯುತ್ತಿದ್ದರು’ ಎನ್ನಬೇಕು, ಇಲ್ಲವೇ ‘ಸಾಯುತ್ತಿದ್ದವು’.

ಮೊದಲ ಕರಡಿನಲ್ಲಿ ಎಲ್ಲೆಡೆ ‘ಅವರು’ ಎಂದೆ. ಮಿತ್ರರು ಮೆಚ್ಚಿದರು, ಆದರೆ ಮಾರ್ಲೋ ಸಜ್ಜನನಾಗಿಬಿಟ್ಟಿದ್ದ. 1975ರಲ್ಲಿ ಅಮೆರಿಕದ ಆಮ್ಹರ್ಸ್ಟ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ ಕಾನ್ರಾಡ್‌ನನ್ನು ಜನಾಂಗದ್ವೇಷಿ ಎಂದು ಏಕೆ ಕರೆದರೆಂಬುದು ಆ ಕರಡಿನಿಂದ ಯಾರಿಗೂ ತಿಳಿಯುವಂತಿರಲಿಲ್ಲ. ಎರಡನೆಯದರಲ್ಲಿ ಎಲ್ಲವನ್ನೂ ‘ಅವು’ ಮಾಡಿದೆ. ಆಗ, 1890ರಲ್ಲಿ ಕಾಂಗೋ ನದಿಯ ಹಬೆದೋಣಿಯಲ್ಲಿ ಕೆಲಸ ಮಾಡಿ, ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡ್‌ನ ಆಡಳಿತವನ್ನು ಕಣ್ಣಾರೆ ಕಂಡು ಹೇಸಿದ ಕಾನ್ರಾಡ್ ಕಾಣೆಯಾದ. ಬೆರಳಚ್ಚಿಗೆಂದು ಸುಮಾರು 8,000 ರೂಪಾಯಿ ನೀರುಪಾಲಾಯಿತು.

ಮೂರನೆಯ ಸಲ, ಮಾರ್ಲೋ ಆಯಾ ವಾಕ್ಯದಲ್ಲಿ ಏನನ್ನು ಕಾಣುತ್ತಾನೋ ಅದಕ್ಕೇ ಕ್ರಿಯಾಪದವನ್ನು ಕಟ್ಟಿದೆ. ಆಕೃತಿಗಳು ‘ಬಿದ್ದಿದ್ದವು’. ಅವುಗಳ ನಡುವೆ ಒಂದು ಮುಖ ಕಂಡು, ಅದರ ಕಣ್ಣು ತೆರೆದು, ಇನ್ನೂ ಹುಡುಗನಂತಿದ್ದವನಿಗೆ ಮಾರ್ಲೋ ಜೇಬಿನ ಬಿಸ್ಕತ್ತು ಕೊಟ್ಟು, ಕೊರಳಿನ ಬಿಳಿಯ ಉಣ್ಣೆದಾರ ಇವನಿಗೆಲ್ಲಿ ಸಿಕ್ಕಿತೆಂದು ಯೋಚಿಸುವಷ್ಟು ಹೊತ್ತು ‘ಅವನು’. ಅದೇ ಮರದ ಬಳಿ ಇನ್ನೆರಡು ಮೂಳೆಯ ಗಂಟುಗಳು ಕಂಡೊಡನೆ ಮತ್ತೆ ‘ಕುಳಿತಿದ್ದವು’. ಜನಾಂಗದ್ವೇಷವೂ ವಸಾಹತು ವಿರೋಧವೂ ಒಂದೇ ಪುಟದಲ್ಲಿ, ಒಂದರ ಬೆನ್ನಿಗೊಂದು ನಿಂತವು.

ವ್ಯಾಕರಣ ದೋಷವೆಂದು ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಕೈಯಿಂದ 45,000 ಹಾಕಿ 300 ಪ್ರತಿ ಅಚ್ಚು ಮಾಡಿಸಿದೆ. ಹಾಕಿದ ದುಡ್ಡು ಬಹುಮಟ್ಟಿಗೆ ಎರಡೇ ವರ್ಷದಲ್ಲಿ ಮರಳಿತೆಂಬುದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪದವಿ ತರಗತಿಯೊಂದರಲ್ಲಿ ಗಟ್ಟಿಯಾಗಿ ಓದುತ್ತಿದ್ದ ಹುಡುಗಿ ‘ಕುಳಿತಿದ್ದವು’ ಬಳಿ ತಡೆದು, ತಾನೇ ‘ಕುಳಿತಿದ್ದರು’ ಎಂದು ತಿದ್ದಿ, “ಅಚ್ಚಿನ ತಪ್ಪಾ ಸಾರ್?” ಎಂದಳು. ನಾನು ಬಾಯಿ ಬಿಡುವ ಮೊದಲೇ ಹಿಂದಿನ ಬೆಂಚಿನವನು, “ಅಲ್ಲ ಕಣೇ, ಮೇಲೆ ‘ಅವನು’ ಅಂತ ಇದೆ ನೋಡು” ಎಂದ.

ಇನ್ನೊಂದು ಸೋಲನ್ನೂ ಹೇಳಬೇಕು. ಈ ಕೃತಿಯಲ್ಲಿ ಆಫ್ರಿಕನ್ನರಿಗೆ ಮಾತು ದಕ್ಕುವುದೇ ಒಂದೆರಡು ಕಡೆ, ಅದೂ ಹರಕು ಇಂಗ್ಲಿಷಿನಲ್ಲಿ. ಆನೆದಂತದ ಏಜೆಂಟ್ ಕರ್ಟ್ಸ್ ಸತ್ತನೆಂದು ಸಾರುವ ಆಳಿನ ಬಾಯಿಗೆ ನಾನು ಹಳ್ಳಿಗನ್ನಡ ಕೊಟ್ಟಿದ್ದೆ. ಮಿತ್ರರೊಬ್ಬರು, “ಇದು ನಮ್ಮಜ್ಜಿ ಆಡುವ ಮಾತು, ಹರಕು ಭಾಷೆಯಲ್ಲ” ಎಂದಾಗ ಮುಖ ತಗ್ಗಿಸಿದೆ. ಕೊನೆಗೆ ಆ ಸಾಲನ್ನು ಹೇಗೆ ಬಗೆಹರಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಪುಸ್ತಕ ಕೊಂಡವರಿಗೆ ಗೊತ್ತು.

ಕ್ರಿಯಾಪದದ ಇದೇ ಉಪಾಯವನ್ನು ಇಂಗ್ಲಿಷ್ ಲೇಖಕ ರೈಡರ್ ಹ್ಯಾಗರ್ಡ್‌ನ ‘ಕಿಂಗ್ ಸಾಲೊಮನ್ಸ್ ಮೈನ್ಸ್’ (1885) ಕಾದಂಬರಿಯ ಮೇಲೂ ಪ್ರಯೋಗಿಸಿದೆ, ಫಲಿಸಲಿಲ್ಲ. ಅಲ್ಲಿ ಆಫ್ರಿಕನ್ನರು ಧಾರಾಳವಾಗಿ ಮಾತಾಡುತ್ತಾರೆ. ಆದರೆ ಸೂರ್ಯನಿಗೂ ಕತ್ತಲೆಗೂ ಕೂಡಿಬಾರದೆಂಬ ಮಾತನ್ನು ಲೇಖಕ, ಬಿಳಿಯನನ್ನು ಪ್ರೀತಿಸಿ ಸಾಯುತ್ತಿರುವ ಆಫ್ರಿಕನ್ ಹುಡುಗಿ ಫೌಲಾಟಾಳ ಬಾಯಿಂದಲೇ ಆಡಿಸುತ್ತಾನೆ. ಅದನ್ನು ಯಾವ ಕ್ರಿಯಾಪದವೂ ಬಯಲಿಗೆಳೆಯದು. ಇಪ್ಪತ್ತು ಪುಟಕ್ಕೇ ನಿಲ್ಲಿಸಿದೆ.