ಕಟಪಾಡಿಯಿಂದ ಬೈಕಂಪಾಡಿಗೆ: ನಾನು ಅಂತರ ಬಿಡಲು ಕಲಿತದ್ದು

ಕಟಪಾಡಿಯ ಮನೆಯಿಂದ ಬೈಕಂಪಾಡಿಯ ಕೆಲಸದ ಜಾಗಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನವೂ ಕಾರು ಓಡಿಸುತ್ತೇನೆ. ಜೂನ್ ತಿಂಗಳ ಒಂದು ಬೆಳಿಗ್ಗೆ, ಮೂಲ್ಕಿ ಇನ್ನೇನು ಬಂತು ಎನ್ನುವಾಗ, ಒಂದು ಬಸ್ಸಿನ ಬೆನ್ನಿಗೇ ಅಂಟಿಕೊಂಡು ಹೋಗುತ್ತಿದ್ದೆ. ರಸ್ತೆ ಬದಿಯಲ್ಲಿ ಯಾರೋ ಕೊಡೆ ಎತ್ತಿ ತೋರಿಸಿದರು, ಬಸ್ಸು ನಿಂತಿತು. ನನ್ನ ಕಾರು ನಿಲ್ಲಲಿಲ್ಲ. ಬಾನೆಟ್ ಮಡಚಿ, ರೇಡಿಯೇಟರ್ ಒಡೆದು ನೀರು ಸುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಹಿಂದಿನ ಸೀಟಿನಲ್ಲಿದ್ದ ಅಮ್ಮ ಬಹಳ ಹೊತ್ತು ನಡುಗುತ್ತಿದ್ದರು. ಬಸ್ಸಿನವರೊಂದಿಗೆ ಜಗಳಕ್ಕೆಂದು ಇಳಿದ ನನಗೆ ಮಾತೇ ಹೊರಡಲಿಲ್ಲ. ತಪ್ಪು ನನ್ನದೇ ಆಗಿತ್ತು.

ರಾತ್ರಿ ಕುಳಿತು ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮುಂದಿನ ಬ್ರೇಕ್ ದೀಪ ಕಂಡು ಕಾಲು ಪೆಡಲ್ ಒತ್ತುವುದಕ್ಕೇ ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ನಾನು ಬಿಟ್ಟಿದ್ದ ಜಾಗ 10 ಮೀಟರೂ ಇರಲಿಲ್ಲ.

ಓಡುವ ಕಾರಿನಲ್ಲಿ ಕೂತು ಮೀಟರ್ ಅಳೆಯಲಾಗದು, ಎಣಿಸಬಹುದು. ಮುಂದಿನ ವಾಹನ ಒಂದು ದೀಪದ ಕಂಬ ದಾಟಿದೊಡನೆ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎನ್ನುತ್ತೇನೆ. ಅಷ್ಟರೊಳಗೆ ನಾನೂ ಕಂಬ ತಲುಪಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತೇನೆ. ವೇಗ ಹೆಚ್ಚಿದಂತೆ ಈ ಮೂರು ಸೆಕೆಂಡಿನ ಜಾಗವೂ ತಾನಾಗಿ ಉದ್ದವಾಗುತ್ತದೆ. ಮಳೆಯಲ್ಲಿ ಆರರವರೆಗೆ ಎಣಿಸುತ್ತೇನೆ. ಟ್ಯಾಂಕರ್ ಹಿಂದೆ ಇದ್ದರೂ ಅಷ್ಟೇ. ಅದರ ಬಾಲಕ್ಕೆ ಹತ್ತಿರವಿದ್ದರೆ ಹೊಂಡ ಕಾಣುವುದು ನಮ್ಮ ಚಕ್ರ ಅದಕ್ಕೆ ಬಿದ್ದ ಮೇಲೆಯೇ. ಮೀನಿನ ಲಾರಿಯಿಂದ ಸುರಿಯುವ ನೀರು ಬೈಕಿನವರನ್ನು ಜಾರಿಸುವುದನ್ನು ಕಣ್ಣಾರೆ ಕಂಡಿದ್ದೇನೆ, ಅಲ್ಲಿ ಇನ್ನೂ ಹಿಂದೆ ಉಳಿಯುತ್ತೇನೆ.

“ಬಿಟ್ಟ ಜಾಗಕ್ಕೆ ಬೇರೆಯವರು ನುಗ್ಗುತ್ತಾರಲ್ಲ?” ಎಂದು ಎಲ್ಲರೂ ಕೇಳುತ್ತಾರೆ. ನುಗ್ಗುತ್ತಾರೆ, ಪಡುಬಿದ್ರಿಯಲ್ಲಂತೂ ತಪ್ಪಿದ್ದಲ್ಲ. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಒಂದು ದಿನ ಎಣಿಸಿದೆ: ದಾರಿಯುದ್ದಕ್ಕೂ 20 ಮಂದಿ. ಪ್ರತಿಯೊಬ್ಬರಿಗೂ ಮೂರು ಸೆಕೆಂಡ್ ಹಿಂದೆ ಸರಿದರೂ ಒಟ್ಟು ಒಂದೇ ನಿಮಿಷ. ಹೆಜಮಾಡಿಯ ಟೋಲ್ ಸಾಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೇನೆ. ಆಮೇಲೆ ಸಿಟ್ಟು ಇಳಿಯಿತು.

ಹಿಂದಿನವರು ಹೆಡ್‌ಲೈಟ್ ಮಿನುಗಿಸುತ್ತಾ ಅಂಟಿಕೊಂಡರೆ ಅವರು ಬಿಡದ ಅಂತರವನ್ನೂ ನಾನೇ ಮುಂದೆ ಬಿಡುತ್ತೇನೆ. ಆಗ ನಾನು ಮೆಲ್ಲನೆ ಬ್ರೇಕ್ ಒತ್ತಿದರೆ ಸಾಕು, ಅವರಿಗೂ ನಿಲ್ಲಲು ಸಮಯ ಸಿಗುತ್ತದೆ. ಎಡಬದಿ ಖಾಲಿಯಾದ ಕೂಡಲೇ ಸರಿದು ದಾರಿ ಕೊಡುತ್ತೇನೆ.