ತುಳಸಿ ಸಾಕುವ ಕ್ರಮ: ಪೂಜೆಯೂ ನಡೆಯಬೇಕು, ಗಿಡವೂ ಉಳಿಯಬೇಕು

ಮನೆ ಮುಂದಿನ ತುಳಸಿ ಒಣಗಿದರೆ ದೃಷ್ಟಿ, ಮೈಲಿಗೆ, ಗ್ರಹಚಾರ ಅಂತ ಕಾರಣ ಹುಡುಕುವವರೇ ಹೆಚ್ಚು. ಗಿಡ ಕಿತ್ತು ಬೇರು ನೋಡಿ. ಕಪ್ಪಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬರುತ್ತಿದ್ದರೆ ಅದು ನೀರು ಹೆಚ್ಚಾಗಿ ಸತ್ತ ಗಿಡ. ನೇರವಾಗಿ ಹೇಳಬೇಕೆಂದರೆ ಭಕ್ತಿ ಹೆಚ್ಚಾಗಿ ಸತ್ತದ್ದು. ಕೊಡಬೇಕೆಂದು ನಮಗೆ ಅನ್ನಿಸುವುದು ಬೇರೆ, ಗಿಡ ಕೇಳುತ್ತಿರುವುದು ಬೇರೆ. ದಿನವೂ ಇದನ್ನು ಗಮನಿಸುವುದೇ ತುಳಸಿ ಸೇವೆಯ ಕಷ್ಟದ ಭಾಗ, ಪ್ರದಕ್ಷಿಣೆ ಸುಲಭ.

ನೀರು

ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ಕು ಚೊಂಬು ನೀರು ಬೀಳುತ್ತದೆ. ಬೇರಿನ ಸುತ್ತ ಗಾಳಿಗೆ ಜಾಗವೇ ಉಳಿಯುವುದಿಲ್ಲ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದೆ ಎಲೆ ಬಾಡುತ್ತದೆ. ಬಾಡಿದ್ದು ಕಂಡವರು ಇನ್ನೊಂದು ಚೊಂಬು ಸುರಿಯುತ್ತಾರೆ.

ಪೂಜೆಯ ನೀರನ್ನೂ ಗಿಡದ ನೀರನ್ನೂ ಬೇರೆ ಮಾಡಿ. ಬೆರಳನ್ನು ಮಣ್ಣಿಗೆ ಒಂದು ಗೆಣ್ಣಿನಷ್ಟು ಇಳಿಸಿ ನೋಡಿ. ತೇವ ಇದ್ದರೆ ಆ ದಿನ ಒಂದು ಉದ್ಧರಣೆ ನೀರು ಸಾಕು, ಅರ್ಪಣೆ ಆಯಿತು. ಒಣಗಿದ್ದರೆ ಕುಂಡದ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ. ಬೇಸಿಗೆಯಲ್ಲಿ ದಿನಾ ಬೇಕಾಗಬಹುದು, ಮಲೆನಾಡು–ಕರಾವಳಿಯ ಮಳೆಗಾಲದಲ್ಲಿ ವಾರಗಟ್ಟಲೆ ಬೇಡ. ಜಡಿಮಳೆಯಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಿದರೆ ಅಪಚಾರವೇನೂ ಇಲ್ಲ. ಹಾಲು ಮಾತ್ರ ಬುಡಕ್ಕೆ ಬೇಡ: ಹುಳಿತು ಬೂಷ್ಟು ಹಿಡಿಯುತ್ತದೆ, ಇರುವೆ ಸೇರುತ್ತದೆ.

ಕಟ್ಟೆ, ಮಣ್ಣು

ಅಂಗಡಿಯ ಸಿಮೆಂಟ್ ಬೃಂದಾವನದಲ್ಲಿ ನೀರಿಳಿಯಲು ತೂತು ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ತಳದ ಪಕ್ಕದಲ್ಲಿ ಡ್ರಿಲ್ ಮಾಡಿಸಿ. ಹೊಸ ಸಿಮೆಂಟ್ ಸುಣ್ಣ ಬಿಡುವುದರಿಂದ ಎಲೆ ಹಳದಿಯಾಗುತ್ತದೆ. ಒಂದು ವಾರ ನೀರು ತುಂಬಿಸಿ, ದಿನಾ ಬದಲಿಸಿ, ಆಮೇಲೆ ಮಣ್ಣು ಹಾಕಿ. ಅಳತೆ ಸರಳ: ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು. ಕುಂಡವಾದರೆ 10ರಿಂದ 12 ಇಂಚಿನದು. ನೇರ ಬಿಸಿಲು ಕನಿಷ್ಠ 4–5 ಗಂಟೆ ಬೀಳಬೇಕು. ಫ್ಲ್ಯಾಟಿನಲ್ಲಿ ವಾಸ್ತು ಹೇಳಿದ ದಿಕ್ಕಿಗೂ ಬಿಸಿಲು ಬರುವ ದಿಕ್ಕಿಗೂ ಜಗಳವಾದರೆ ಬಿಸಿಲನ್ನೇ ಆರಿಸಿ.

ಅರಿಶಿನ, ಕುಂಕುಮವನ್ನು ಕಟ್ಟೆಗೆ ಹಚ್ಚಿ, ಕಾಂಡಕ್ಕೆ ಬೇಡ. ಈಗಿನ ಕುಂಕುಮದಲ್ಲಿ ರಾಸಾಯನಿಕ ಬಣ್ಣವೂ ಇರುತ್ತದೆ. ದೀಪ ಗಿಡದಿಂದ ಒಂದು ಗೇಣಾದರೂ ದೂರ ಇರಲಿ. ಒಂದೇ ಪಕ್ಕದ ಎಲೆ ಕಂದಾಗುತ್ತಿದ್ದರೆ ಸಂಜೆ ದೀಪ ಎಲ್ಲಿಡುತ್ತೀರಿ ಎಂದು ನೋಡಿಕೊಳ್ಳಿ.

ಕುಡಿ, ಕದಿರು

ಎಲ್ಲರ ಕೈ ಹಿಂಜರಿಯುವುದು ಇಲ್ಲಿ. ಗಿಡ ಅರ್ಧ ಅಡಿ ಆದಾಗ ನಡುಕುಡಿಯನ್ನು ಎಲೆಜೋಡಿಯ ಮೇಲ್ಗಡೆ ಚಿವುಟಿ. ಆ ಎರಡು ಎಲೆಗಳ ಕಂಕುಳಲ್ಲಿ ಎರಡು ಹೊಸ ಕವಲು ಹೊರಡುತ್ತವೆ. ಚಿವುಟದಿದ್ದರೆ ಕಡ್ಡಿಯಂತೆ ಉದ್ದಕ್ಕೆ ಹೋಗಿ ಹೂ ಬಿಡುತ್ತದೆ. ಮಂಜರಿ, ಅಂದರೆ ಕದಿರು, ನೋಡಲು ಚೆಂದವೇ. ಆದರೆ ಬೀಜ ಕಟ್ಟಲು ಶುರುವಾದ ಮೇಲೆ ಗಿಡದ ಶಕ್ತಿಯೆಲ್ಲ ಅತ್ತ ಹರಿದು ಎಲೆ ಸಣ್ಣದಾಗುತ್ತದೆ, ಕಾಂಡ ಗಡುಸಾಗುತ್ತದೆ. ಎಳೆಯದಿರುವಾಗಲೇ ಕಿತ್ತು ದೇವರಿಗೆ ಏರಿಸಿ, ಮಂಜರಿ ಅರ್ಪಣೆಗೆ ಶ್ರೇಷ್ಠವೆಂದೇ ಹಿರಿಯರು ಹೇಳುವುದು. ಫಲದ ಆಸೆ ಬಿಡುವುದು ಎಂಬ ಮಾತನ್ನು ಕೈಯಾರೆ ಮಾಡಿ ನೋಡಲು ಇದಕ್ಕಿಂತ ಹತ್ತಿರದ ಅವಕಾಶ ಮನೆಯಲ್ಲಿ ಸಿಗದು. ಬೀಜಕ್ಕೆಂದು ಎರಡು ಕದಿರು ಉಳಿಸಿಕೊಂಡರೆ ಸಾಕು.

ಒಂದೊಂದೇ ಎಲೆ ಉದುರಿಸದೆ ಕುಡಿಯೊಂದಿಗೆ ಬಿಡಿಸಿ. ಒಮ್ಮೆಗೆ ಗಿಡದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ದ್ವಾದಶಿಯಂದು, ಸಂಜೆ ಹೊತ್ತು ಕೊಯ್ಯಬಾರದೆಂಬ ನಿಯಮದಿಂದ ಗಿಡಕ್ಕೆ ಬಿಡುವು ಸಿಗುತ್ತದೆ. ತುಳಸಿಗೆ ನಿರ್ಮಾಲ್ಯ ದೋಷವಿಲ್ಲ, ಹಿಂದಿನ ದಿನದ್ದನ್ನೂ ತೊಳೆದು ಏರಿಸಬಹುದು ಎಂಬ ಸಂಪ್ರದಾಯವೂ ಇದೆ. ಹಾಗಾಗಿ ದಿನಾ ಬೋಳಿಸುವ ಅಗತ್ಯ ಶಾಸ್ತ್ರಕ್ಕೂ ಇಲ್ಲ.

ಕಾರ್ತಿಕ ಶುಕ್ಲ ದ್ವಾದಶಿಯ ತುಳಸಿ ಹಬ್ಬದಲ್ಲಿ ನೆಲ್ಲಿ ಕೊಂಬೆಯನ್ನು ಬುಡದ ಪಕ್ಕಕ್ಕೇ ಚುಚ್ಚಿದರೆ ಬೇರು ಹರಿಯುತ್ತದೆ. ಕುಂಡದ ಅಂಚಿಗೆ ಸಿಕ್ಕಿಸಿ, ಅಥವಾ ಹೊರಗೆ ಕಟ್ಟಿ.

ರೋಗ, ಚಳಿ

ಬಿಳಿ ಹತ್ತಿಯಂಥ ಗಂಟು ಕಂಡರೆ ಅದು ಹಿಟ್ಟು ತಿಗಣೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ದ್ರವ ಸೋಪು ಹಾಕಿ ಕಲಸಿ, ಸಂಜೆ ಎಲೆಯ ಅಡಿಗೂ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ. ಅಲ್ಲಿಯವರೆಗೆ ಆ ಎಲೆ ತೀರ್ಥಕ್ಕೆ ಬೇಡ. ತೀರ್ಥದ ಎಲೆ ಬಾಯಿಗೆ ಹೋಗುವುದರಿಂದ ರಾಸಾಯನಿಕ ಕೀಟನಾಶಕ ಹತ್ತಿರವೂ ತರಬೇಡಿ. ಹಿಮ ಬೀಳುವ ದೇಶಗಳಲ್ಲಿರುವವರು ರಾತ್ರಿಯ ಉಷ್ಣತೆ 10 ಡಿಗ್ರಿಗೆ ಇಳಿಯುವ ಮೊದಲೇ ಕುಂಡವನ್ನು ಒಳಗೆ ತಂದು, ಬಿಸಿಲಿನ ಕಿಟಕಿಯಲ್ಲಿಟ್ಟು, ನೀರು ಕಡಿಮೆ ಮಾಡಿ.

ಗಿಡ ಮುಗಿದಾಗ

ಕುಂಡದ ತುಳಸಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ. ಬುಡ ಕಟ್ಟಿಗೆಯಾಗಿ ಚಿಗುರು ನಿಂತರೆ ಅದರ ಆಯುಸ್ಸು ತುಂಬಿತು, ಮನೆಗೆ ಕೇಡೇನೂ ಅಲ್ಲ. ಕಂದು ಬಣ್ಣಕ್ಕೆ ತಿರುಗಿದ ಕದಿರನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಬೀಜವನ್ನು ಕಾಗದದ ಪೊಟ್ಟಣದಲ್ಲಿ ಇಡಿ. ಬಿತ್ತುವಾಗ ಮಣ್ಣಿನ ಮೇಲೆ ಚೆಲ್ಲಿ, ಕಂಡೂ ಕಾಣದಷ್ಟು ಮಣ್ಣು ಉದುರಿಸಿ. ಆಳಕ್ಕೆ ಹೋದರೆ ಮೊಳೆಯುವುದಿಲ್ಲ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ, ಆರು ಎಲೆ ಬಂದಾಗ ಕಿತ್ತು ನೆಡಬಹುದು. ಹಳೆಯ ಗಿಡದ ಒಣ ಕಾಂಡವನ್ನು ಹೊಳೆಗೆ ಬಿಡಬೇಕಿಲ್ಲ. ದಪ್ಪ ಭಾಗ ಜಪಮಣಿಗೆ ಬರುತ್ತದೆ, ಉಳಿದದ್ದನ್ನು ಪುಡಿ ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಬೇರು ಕೊಳೆತು ಸತ್ತ ಗಿಡವಾಗಿದ್ದರೆ ಮಾತ್ರ ಕಟ್ಟೆಯ ಮಣ್ಣನ್ನು ಪೂರ್ತಿ ಬದಲಿಸಿದ ಮೇಲೆಯೇ ಹೊಸ ಸಸಿ ನೆಡಿ.