ವಿಜಯಪುರ ನೋಡಬೇಕಾದರೆ: ಬೆಳಿಗ್ಗೆ ಮೂಡಣ, ಸಂಜೆ ಪಡುವಣ

ಮೈಸೂರು ಕಡೆಯ ನಮ್ಮ ನೆಂಟರು ಯಾರೇ ವಿಜಯಪುರಕ್ಕೆ ಹೊರಟರೂ ಮೊದಲು ಫೋನ್ ಬರುವುದು ನನಗೆ. ನಾನು ಹುಟ್ಟಿ ಬೆಳೆದ ಊರು, ಅಲ್ವಾ. ಎಲ್ಲರ ಪ್ಲಾನೂ ಒಂದೇ ಥರ ಇರುತ್ತದೆ. ಬಾದಾಮಿ ಮುಗಿಸಿ ಬರುವುದು, ಮಧ್ಯಾಹ್ನ ಗೋಳಗುಮ್ಮಟ ಹತ್ತುವುದು, ಒಂದಷ್ಟು ಕೂಗುವುದು, ಸಂಜೆಗೆ ಬಸ್ ಹಿಡಿಯುವುದು. ಹಾಗೆ ಬಂದರೆ ನೀವು ನೋಡಿದ್ದು ಒಂದೇ ಒಂದು ಗೋರಿ. 1490ರಿಂದ 1686ರವರೆಗೆ ಆದಿಲ್‌ಶಾಹಿಗಳು ಆಳಿದ ರಾಜಧಾನಿ ಇದು. ಒಂದು ಪೂರ್ತಿ ದಿನವಾದರೂ ಕೊಡಿ. ಹಿಂದಿನ ಸಂಜೆಯೇ ಬಂದು ಉಳಿದುಕೊಂಡರೆ ಉತ್ತಮ. ಸ್ಟೇಷನ್ ರೋಡ್‌ನಲ್ಲಿ ಲಾಡ್ಜ್‌ಗಳಿವೆ, ಅಲ್ಲಿಂದ ಗೋಳಗುಮ್ಮಟ ಹತ್ತಿರ.

ನನ್ನ ಲೆಕ್ಕ ಬಿಸಿಲಿನದು. ಗೋಳಗುಮ್ಮಟ ಊರಿನ ಪೂರ್ವಕ್ಕಿದೆ, ಸುಲ್ತಾನ ಎರಡನೇ ಇಬ್ರಾಹಿಂನ ಗೋರಿಯಿರುವ ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಹಳೇ ಕೋಟೆ ಗೋಡೆಯ ಆಚೆ. ಉಳಿದದ್ದೆಲ್ಲ ನಡುವೆ. ಬೆಳಿಗ್ಗೆ ಪೂರ್ವದಲ್ಲಿ ಶುರು ಮಾಡಿ ಸೂರ್ಯನ ಜೊತೆ ಪಶ್ಚಿಮಕ್ಕೆ ಸರಿಯುತ್ತಾ ಹೋಗಿ. ತಿರುಗಿ ತಿರುಗಿ ಅದೇ ರಸ್ತೆಗೆ ಬರುವುದು ತಪ್ಪುತ್ತದೆ.

ಗೋಳಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಅರ್ಧ ಜನ ಕೇಳುವುದಿಲ್ಲ. ಸ್ಕೂಲ್ ಟ್ರಿಪ್ ಬಸ್ಸುಗಳು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತು ಎಲ್ಲಿಂದ ಕೇಳಬೇಕು? ಬರೀ ಕಿರುಚಾಟ. ಮುಂಜಾನೆ ಹೋದರೆ ಎದುರುಬದುರು ಇಬ್ಬರು ನಿಂತು, ಗೋಡೆಗೆ ಮುಖ ಮಾಡಿ ಮೆಲ್ಲಗೆ ಮಾತಾಡಬಹುದು. ನಡುವೆ ಸುಮಾರು 38 ಮೀಟರ್ ಖಾಲಿ ಇದ್ದರೂ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ವಾಪಸು ಬರುತ್ತದೆ. ಒಂದೇ ಸಲ ತಟ್ಟಿ ಸುಮ್ಮನೆ ನಿಲ್ಲಿ, ಎಣಿಸಿ.

ಮೇಲೆ ಹೋಗಲು ಮೂಲೆಯ ಏಳು ಅಂತಸ್ತಿನ ಗೋಪುರದೊಳಗೆ ಮೆಟ್ಟಿಲಿವೆ. ಇಕ್ಕಟ್ಟು, ಮೆಟ್ಟಿಲೂ ಎತ್ತರ. ಮಂಡಿ ನೋವಿನವರಿಗೆ ಬೇಡ. ನಮ್ಮ ಅತ್ತೆಯವರನ್ನು ಕೆಳಗೇ ಕೂರಿಸಿದ್ದೆ, ಅವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಕಟ್ಟಡದ ನಿಜವಾದ ಜಾಣತನ ಕಾಣುವುದು ಕೆಳಗಿನಿಂದಲೇ. ಇಷ್ಟು ದೊಡ್ಡ ಗುಮ್ಮಟ, ಒಳಗೆ ಒಂದೂ ಕಂಬ ಇಲ್ಲ. ತಲೆಯೆತ್ತಿ ನೋಡಿ: ಒಂದನ್ನೊಂದು ದಾಟಿ ಹೋಗುವ ಎಂಟು ಕಮಾನುಗಳು ಚೌಕದ ಕೋಣೆಯನ್ನು ನಿಧಾನಕ್ಕೆ ದುಂಡಗೆ ಮಾಡುತ್ತವೆ. ಗುಮ್ಮಟದ ಭಾರವೆಲ್ಲ ಅವುಗಳ ಮೇಲೆ. ಅವು ಒಳಕ್ಕೆ ಚಾಚಿರುವುದರಿಂದಲೇ ಮೇಲೆ ನಡೆದಾಡಲು ಗ್ಯಾಲರಿಗೆ ಜಾಗ ಸಿಕ್ಕಿದೆ. ನಡುವಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ತೋರಿಕೆಯವು. 1656ರ ಸುಮಾರಿಗೆ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹ ಮತ್ತು ಅವನ ಮನೆಯವರ ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ಇಳಿದು ಬರುವ ಹೊತ್ತಿಗೆ ಎದುರಿನ ನಗಾರಖಾನೆಯಲ್ಲಿರುವ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ಮ್ಯೂಸಿಯಂ ತೆರೆದಿರುತ್ತದೆ. ಶುಕ್ರವಾರ ರಜೆ, ಇದನ್ನು ಮರೆಯಬೇಡಿ. ಜನ ಇದನ್ನು ನೋಡದೇ ಮುಂದೆ ಹೋಗುತ್ತಾರೆ, ನನಗೆ ಬೇಜಾರು. 1892ರಲ್ಲಿ ಶುರುವಾದ ಮ್ಯೂಸಿಯಂ ಇದು. ಕೆಳಗೆ ಶಿಲ್ಪಗಳು, ಶಾಸನಗಳು. ಜೈನ ತೀರ್ಥಂಕರರು, ವೀರಗಲ್ಲುಗಳು, ಹಳಗನ್ನಡದ ಶಾಸನಗಳು, ಅರಬ್ಬಿ ಪಾರ್ಸಿ ಬರಹದ ಕಲ್ಲುಗಳು. ಆದಿಲ್‌ಶಾಹಿಗಳಿಗಿಂತ ಮೊದಲೂ ಈ ನೆಲ ಖಾಲಿ ಇರಲಿಲ್ಲ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೇಲೆ ರತ್ನಗಂಬಳಿ, ಚೀನಾ ಪಿಂಗಾಣಿ, ಕೈಬರಹದ ಪುಸ್ತಕ, ಆಯುಧಗಳಿವೆ. ಅವಸರ ಇದ್ದರೆ ಆಯುಧ ಬಿಡಿ, ಪಿಂಗಾಣಿ ಬಿಡಬೇಡಿ. ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಗೆ ಚೀನಾದ ತಟ್ಟೆ ಬಂದಿದೆ ಅಂದರೆ ಆಗಿನ ವ್ಯಾಪಾರ ಎಂಥದ್ದಿರಬೇಕು ನೋಡಿ.

ಹೊರಗೆ ಬಂದರೆ ಟಾಂಗಾ, ಆಟೊ ಎರಡೂ ಸಿಗುತ್ತವೆ. ಹತ್ತುವ ಮೊದಲೇ ನೋಡಬೇಕಾದ ಜಾಗಗಳ ಹೆಸರನ್ನು ಒಂದೊಂದಾಗಿ ಹೇಳಿ ರೇಟು ಮಾತಾಡಿ. ‘ಎಲ್ಲಾ ತೋರಸ್ತೀನ್ರೀ’ ಅಂದರೆ ಆ ‘ಎಲ್ಲಾ’ ಯಾವುದೆಂದು ಕೇಳಿ.

ಮುಂದೆ ಜಾಮಿಯಾ ಮಸೀದಿ. 1565ರಲ್ಲಿ ವಿಜಯನಗರವನ್ನು ಸೋಲಿಸಿದ ರಕ್ಕಸಗಿ ತಂಗಡಗಿ (ತಾಳಿಕೋಟೆ) ಯುದ್ಧ ಗೆದ್ದ ಮೇಲೆ ಒಂದನೇ ಅಲಿ ಆದಿಲ್‌ಶಾಹ ಶುರು ಮಾಡಿಸಿದ್ದು, ಪೂರ್ತಿಯಾಗಲೇ ಇಲ್ಲ. ಹಂಪಿ ನೋಡಿ ಬಂದವರು ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಅಲ್ಲಿ ಅಳಿದದ್ದು, ಇಲ್ಲಿ ಎದ್ದದ್ದು, ಎರಡೂ ಒಂದೇ ಕಥೆಯ ಎರಡು ತುದಿ. ನೆಲದ ಮೇಲೆ ಒಬ್ಬೊಬ್ಬರ ನಮಾಜಿಗೂ ಗೆರೆ ಹಾಕಿದ ಜಾಗಗಳಿವೆ, ಒಟ್ಟು 2250. ಅವನ್ನು ಮಾಡಿಸಿದ್ದು ಔರಂಗಜೇಬ. ಈಗಲೂ ನಮಾಜು ನಡೆಯುವ ಮಸೀದಿ, ಹಾಗಾಗಿ ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ. ತಲೆ ಮೇಲೆ ಹಾಕಿಕೊಳ್ಳಲು ಒಂದು ಓಡಣಿ ಅಥವಾ ಕರ್ಚೀಫು ಇರಲಿ.

ದಾರಿಯಲ್ಲಿ ಮೆಹತರ್ ಮಹಲ್ ಸಿಗುತ್ತದೆ. ಹೆಸರಿಗೆ ಮಹಲು, ಇರುವುದು ಮಸೀದಿಯೊಂದರ ಬಾಗಿಲು. ಬಾಲ್ಕನಿ ಹೊತ್ತ ಕಲ್ಲಿನ ತೊಲೆಗಳ ಕೆತ್ತನೆ ನೋಡಲು ಐದು ನಿಮಿಷ ನಿಂತರೆ ಸಾಕು. ಅಸಾರ ಮಹಲಿನಲ್ಲಿ ಪ್ರವಾದಿಯವರ ಕೂದಲು ಇದೆ ಅನ್ನುವ ನಂಬಿಕೆಯಿಂದ ಒಳಗಿನ ಭಾಗಕ್ಕೆ ಹೆಂಗಸರನ್ನು ಬಿಡುವುದಿಲ್ಲ. ನಾನು ಹೊರಗಿನ ಎತ್ತರದ ಮರದ ಕಂಬಗಳನ್ನು ನೋಡಿ, ಮುಂದಿನ ಹೊಂಡದ ಕಟ್ಟೆ ಮೇಲೆ ಕೂತು ಬರುತ್ತೇನೆ.

ಅರಕಿಲ್ಲೆಯೊಳಗಿನ (ಊರ ನಡುವಿನ ಒಳಕೋಟೆ) ಗಗನ ಮಹಲ್ ಈಗ ಪಾರ್ಕು. ಮಕ್ಕಳು ಆಡುತ್ತಿರುತ್ತಾರೆ, ಕಾಲೇಜು ಹುಡುಗರು ಕೂತಿರುತ್ತಾರೆ. ಮೂರು ಕಮಾನು, ನಡುವಿನದು ಭಾರಿ ಅಗಲ. ಸೂರು ಹೋಗಿದೆ. ಕೊನೆಯ ಸುಲ್ತಾನ ಸಿಕಂದರ್‌ನನ್ನು 1686ರಲ್ಲಿ ಬೆಳ್ಳಿ ಸರಪಳಿ ಹಾಕಿ ಔರಂಗಜೇಬನ ಮುಂದೆ ತಂದು ನಿಲ್ಲಿಸಿದ್ದು ಇಲ್ಲೇ ಎನ್ನುತ್ತಾರೆ. ಹತ್ತಿರದಲ್ಲೇ ಕರೀಮುದ್ದೀನ್ ಮಸೀದಿ ಇದೆ. 1320ರದು, ಅಂದರೆ ಆದಿಲ್‌ಶಾಹಿಗಳಿಗಿಂತ ಬಹಳ ಹಿಂದಿನದು. ಹಳೇ ದೇವಸ್ಥಾನಗಳ ಕಂಬಗಳನ್ನೇ ತಂದು ನಿಲ್ಲಿಸಿದ್ದಾರೆ. ಮ್ಯೂಸಿಯಂ ನೋಡಿ ಬಂದಿದ್ದರೆ ಆ ಕಂಬಗಳ ಗುರುತು ತಾನಾಗಿ ಹತ್ತುತ್ತದೆ. ಆಮೇಲೆ ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾಹನ ಮುಗಿಯದ ಗೋರಿ. ಅಪ್ಪ ಮುಹಮ್ಮದನ ಗೋಳಗುಮ್ಮಟಕ್ಕಿಂತ ದೊಡ್ಡದು ಕಟ್ಟಲು ಹೋದ, 1672ರಲ್ಲಿ ಸತ್ತ. ಕಮಾನುಗಳು ಮಾತ್ರ ಉಳಿದವು.

ಇಷ್ಟಾಗುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ. ಈಗ ಊಟ. ಯಾವುದಾದರೂ ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿನ್ನಿ. ಬಿಸಿಲು ಇಳಿಯುವವರೆಗೆ ಅಡ್ಡಾಗಿ. ಇಲ್ಲಿ ಹಟ ಮಾಡಬೇಡಿ.

ಮೂರು ಗಂಟೆ ಮೇಲೆ ಉಪ್ಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಕಾವಲು ಬುರುಜು, ಮೆಟ್ಟಿಲು ಹೊರಗಿನಿಂದಲೇ ಸುತ್ತಿಕೊಂಡು ಹೋಗುತ್ತವೆ. ಸುಮಾರು 80 ಅಡಿ ಎತ್ತರ. ಬೆಳಿಗ್ಗೆ ನೋಡಿದ್ದು, ಮುಂದೆ ನೋಡಬೇಕಾದದ್ದು ಎರಡೂ ಮೇಲಿನಿಂದ ಕಾಣುತ್ತವೆ. ಆಮೇಲೆ ಮುಲುಕ್ ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ. ಬ್ರಿಟಿಷರ ಕಾಲದಲ್ಲಿ ಹರಾಜಿಗೆ ಇಟ್ಟಾಗ ಬಂದ ಬೆಲೆ ಬರೀ 150 ರೂಪಾಯಿ. ಪುಣ್ಯಕ್ಕೆ ಮಾರಲಿಲ್ಲ. ಬಿಸಿಲಲ್ಲೂ ಇದು ತಣ್ಣಗಿರುತ್ತದೆ ಎಂದು ಗೈಡುಗಳು ಹೇಳುತ್ತಾರೆ. ಕೈಯಿಟ್ಟು ನೀವೇ ತೀರ್ಮಾನ ಮಾಡಿ.

ನಾಲ್ಕೂವರೆಯೊಳಗೆ ಇಬ್ರಾಹಿಂ ರೋಜಾ ತಲುಪಿ, ದಾರಿಯಲ್ಲಿ ತಾಜ್ ಬಾವಡಿ ಎಂಬ ಹಳೇ ದೊಡ್ಡ ಬಾವಿಗೆ ಒಮ್ಮೆ ಇಣುಕಿ. ನನ್ನ ಮಟ್ಟಿಗೆ ಊರಿನ ಕಿರೀಟ ಈ ರೋಜಾ. ಗೋಳಗುಮ್ಮಟ ದೊಡ್ಡದು, ಇದು ಚೆಂದ. ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ತೊಟ್ಟಿ. ಸಂಜೆ ಬಿಸಿಲು ಗೋರಿಯ ಮುಂಭಾಗಕ್ಕೆ ಬೀಳುತ್ತದೆ, ಅದಕ್ಕೇ ಈ ಹೊತ್ತಿಗೆ ಬನ್ನಿ ಎಂದದ್ದು. ರಾಣಿ ತಾಜ್ ಸುಲ್ತಾನಾಳಿಗೆಂದು ಶುರುವಾದ ಕಟ್ಟಡ. 1627ರಲ್ಲಿ ಎರಡನೇ ಇಬ್ರಾಹಿಂ ಮೊದಲು ತೀರಿಕೊಂಡ, ಅವನೂ ಇಲ್ಲೇ ಮಲಗಿದ. ಸರಸ್ವತಿಯನ್ನು ಹೊಗಳಿ ಹಾಡು ಬರೆದವನು, ಜನ ಜಗದ್ಗುರು ಎಂದು ಕರೆದ ಸುಲ್ತಾನ ಇವನೇ.

ಇಲ್ಲಿ ದೂರದಿಂದ ಫೋಟೊ ತೆಗೆದು ಮುಗಿಸಬೇಡಿ. ಚಪ್ಪಲಿ ಬಿಟ್ಟು ವರಾಂಡ ಸುತ್ತಿ. ಬಿಸಿಲಿಗೆ ಕಲ್ಲು ಸುಡುತ್ತದೆ, ಸಾಕ್ಸ್ ಇದ್ದರೆ ಹಾಕಿಕೊಳ್ಳಿ. ಕಿಟಕಿಗಳ ಜಾಲರಿಯನ್ನು ಹತ್ತಿರದಿಂದ ನೋಡಿ. ಅದು ಹೂಬಳ್ಳಿ ಅಲ್ಲ, ಅರಬ್ಬಿ ಅಕ್ಷರ. ಅಕ್ಷರಗಳ ಸಂದಿನಿಂದಲೇ ಒಳಗೆ ಬೆಳಕು ಹೋಗುತ್ತದೆ. ಒಳಗಿನ ಕೋಣೆಯ ಕಲ್ಲಿನ ಸೂರು ಚಪ್ಪಟೆ, ನಡುವೆ ಆಧಾರವಿಲ್ಲ. ಮಸೀದಿಯ ಚಜ್ಜದ ಮೂಲೆಯಲ್ಲಿ ಕಲ್ಲಿನ ಸರಪಳಿ ನೇತಾಡುತ್ತದೆ, ಮಕ್ಕಳಿಗೆ ಅದನ್ನು ಹುಡುಕುವ ಕೆಲಸ ಕೊಡಿ.

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇಯಲ್ಲಿ ಬರಲೇಬೇಕಾದರೆ ನಡುವಿನ ಜಾಗಗಳನ್ನೆಲ್ಲ ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಅರ್ಧ ದಿನ ಮಾತ್ರ ಇದೆ ಅನ್ನುವವರು ಗೋಳಗುಮ್ಮಟವನ್ನು ಕೆಳಗಿನಿಂದಲೇ ನೋಡಿ, ಮ್ಯೂಸಿಯಂಗೆ ಅರ್ಧ ಗಂಟೆ ಕೊಟ್ಟು, ನೇರ ರೋಜಾಕ್ಕೆ ಆಟೊ ಹಿಡಿಯಿರಿ.